ಯಾರ್ಕ್ ಸಂಗ್ರಹಾಲಯದ ಮ್ಯಾಲಾರ್ಡ್: ದಾಖಲೆಯ ಫಲಕದ ಆಚೆಗೂ ನೋಡಬೇಕಾದ ಎಂಜಿನ್

ಇಂಗ್ಲೆಂಡಿನ ಯಾರ್ಕ್ ನಗರದಲ್ಲಿರುವ ರಾಷ್ಟ್ರೀಯ ರೈಲ್ವೆ ಸಂಗ್ರಹಾಲಯಕ್ಕೆ ಪ್ರವೇಶ ಶುಲ್ಕವಿಲ್ಲ; ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಒಂದು ಕಾಲದ ಲೋಕೋ ಶೆಡ್ಡಿನ ಜಾಗದಲ್ಲಿ 1975ರಲ್ಲಿ ಆರಂಭವಾದ ಈ ಸಂಗ್ರಹಾಲಯದಲ್ಲಿ ನೋಡುವಂಥದ್ದು ಬೇಕಾದಷ್ಟಿದೆ. ಆದರೂ ನಾನಿಲ್ಲಿ ಬರೆಯುತ್ತಿರುವುದು 4468 ಸಂಖ್ಯೆಯ ‘ಮ್ಯಾಲಾರ್ಡ್’ ಎಂಬ ಒಂದೇ ಎಂಜಿನ್ನಿನ ಬಗ್ಗೆ. ಉಗಿ ಎಂಜಿನ್‌ಗಳ ವೇಗದ ವಿಶ್ವದಾಖಲೆ ಇಂದಿಗೂ ಇದರ ಹೆಸರಿನಲ್ಲಿದೆ, ಹಾಗಾಗಿ ಬಂದವರಲ್ಲಿ ಹೆಚ್ಚಿನವರು ದಾಖಲೆಯ ಫಲಕದ ಪಕ್ಕದಲ್ಲಿ ಫೋಟೊ ತೆಗೆಸಿಕೊಂಡು ಮುಂದೆ ಸಾಗುತ್ತಾರೆ. ಇನ್ನೊಂದಿಷ್ಟು ಹೊತ್ತು ನಿಂತು, ಬಗ್ಗಿ, ಸುತ್ತು ಹಾಕಿ ನೋಡಿದವರಿಗೆ ಸಿಗುವುದು ಬೇರೆಯೇ ಕಥೆ.

ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆಗಾಗಿ ನೈಜೆಲ್ ಗ್ರೆಸ್ಲಿ ರೂಪಿಸಿದ ಎ4 ವರ್ಗದ 35 ಎಂಜಿನ್‌ಗಳಲ್ಲಿ ಇದೂ ಒಂದು. ಡಾನ್‌ಕಾಸ್ಟರ್ ಕಾರ್ಖಾನೆಯಿಂದ ಹೊರಬಂದದ್ದು 1938ರ ಮಾರ್ಚ್‌ನಲ್ಲಿ. ಅದೇ ವರ್ಷದ ಜುಲೈ 3ರಂದು, ಬ್ರೇಕ್ ಪರೀಕ್ಷೆಯ ನೆಪದಲ್ಲಿ ಹೊರಟ ವಿಶೇಷ ರೈಲನ್ನು ಎಳೆದುಕೊಂಡು, ಗ್ರಾಂಥಮ್ ಮತ್ತು ಪೀಟರ್‌ಬರೋ ನಡುವಿನ ಸ್ಟೋಕ್ ಇಳಿಜಾರಿನಲ್ಲಿ ಇದು ಗಂಟೆಗೆ 126 ಮೈಲಿ, ಅಂದರೆ ಸುಮಾರು 203 ಕಿಲೋಮೀಟರ್ ವೇಗವನ್ನು ಮುಟ್ಟಿತು. ಚಾಲಕ ಜೋ ಡಡಿಂಗ್ಟನ್. ಕಲ್ಲಿದ್ದಲು ಹಾಕುತ್ತಿದ್ದವರು ಟಾಮಿ ಬ್ರೇ. ಅಂದು ಎಂಜಿನ್ನಿನ ಹಿಂದೆ ಇದ್ದ, 1906ರಲ್ಲಿ ತಯಾರಾದ ಅಳತೆಯ ಬೋಗಿಯೂ ಇದೇ ಸಂಗ್ರಹಾಲಯದ ಸ್ವತ್ತು. ಹಳಿಯ ಮೇಲೆ ಉರುಳುವ ಪ್ರತ್ಯೇಕ ಗಾಲಿಯೊಂದರಿಂದ ಚಾಲನೆ ಪಡೆದು, ಓಡುವ ಕಾಗದದ ಸುರುಳಿಯ ಮೇಲೆ ವೇಗವನ್ನು ಗೆರೆಯಾಗಿ ಬರೆಯುವ ವ್ಯವಸ್ಥೆ ಅದರಲ್ಲಿತ್ತು. ದಾಖಲೆ ಮಾಡಿದ ಎಂಜಿನ್ನಿನ ಜೊತೆಗೆ ಆ ದಾಖಲೆಗೆ ಸಾಕ್ಷಿಯಾದ ಬೋಗಿಯನ್ನೂ ಉಳಿಸಿಕೊಂಡಿದ್ದಾರೆ ಎಂಬುದು ನನ್ನ ಮಟ್ಟಿಗೆ ಈ ಸಂಗ್ರಹದ ಬಹುದೊಡ್ಡ ಹೆಚ್ಚುಗಾರಿಕೆ.

ಎಂಜಿನ್ನಿನ ಪಕ್ಕದಲ್ಲಿ ನಿಂತಾಗ ಮೊದಲು ಕಣ್ಣಿಗೆ ಬೀಳುವುದು ನೀಲಿ ಹೊದಿಕೆಯ ನಯವಾದ ಬಾಗು, ಆಮೇಲೆ 6 ಅಡಿ 8 ಅಂಗುಲ ವ್ಯಾಸದ ಕೆಂಪು ಗಾಲಿಗಳು. ಆದರೆ ಅಂದು ಸೋತ ಭಾಗ ಹೊರಗಿನಿಂದ ಕಾಣುವುದೇ ಇಲ್ಲ. ಉಗಿಯ ಒತ್ತಡದಿಂದ ಪಿಸ್ಟನ್ ಓಡಾಡುವ ಸಿಲಿಂಡರ್ ಎರಡೂ ಬದಿಗೆ ಒಂದೊಂದು ಇರುವಂತೆ ನಡುವೆ ಮೂರನೆಯದೊಂದು ಅಡಗಿದೆ. ಅದರ ಚಲನೆಯನ್ನು ಗಾಲಿಗಳಿಗೆ ಮುಟ್ಟಿಸುವ ಕನೆಕ್ಟಿಂಗ್ ರಾಡ್ ಗಾಲಿಗಳ ನಡುವಿನ ಅಚ್ಚನ್ನು ಹಿಡಿದುಕೊಳ್ಳುವಲ್ಲಿರುವ ಬೇರಿಂಗ್, ದಾಖಲೆಯ ಓಟದಲ್ಲಿ ಮಿತಿಮೀರಿ ಕಾದುಹೋಯಿತು. ಮ್ಯಾಲಾರ್ಡ್ ಲಂಡನ್ ತಲುಪಲಿಲ್ಲ. ಪೀಟರ್‌ಬರೋದಲ್ಲಿ ಅದನ್ನು ಬಿಚ್ಚಿ, ಹಳೆಯ ಎಂಜಿನ್ನೊಂದನ್ನು ಕಟ್ಟಿ ರೈಲನ್ನು ಮುಂದೆ ಕಳಿಸಬೇಕಾಯಿತು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಗಾಲಿಗಳ ಸಂದಿಯಲ್ಲಿ ಇಣುಕಿ ನೋಡಿದರೆ, ಆ ವೇಗಕ್ಕೆ ಲೋಹ ಎಷ್ಟು ಬೆಲೆ ತೆತ್ತಿತು ಎಂಬುದು ಮನದಟ್ಟಾಗುತ್ತದೆ.

ದಾಖಲೆಯ ನಂತರದ ದುಡಿಮೆ ದೀರ್ಘವಾದದ್ದು. ಯುದ್ಧಕಾಲದಲ್ಲಿ ನೀಲಿ ಹೋಗಿ ಕಪ್ಪು ಬಣ್ಣ ಬಂತು, ದುರಸ್ತಿಗೆ ಅಡ್ಡಿಯಾಗುತ್ತಿದ್ದ ಪಕ್ಕದ ತಗಡುಗಳನ್ನು ಕಿತ್ತುಹಾಕಲಾಯಿತು. ರೈಲ್ವೆಗಳ ರಾಷ್ಟ್ರೀಕರಣದ ಬಳಿಕ ಇದರ ಸಂಖ್ಯೆ 60022 ಆಯಿತು. 1963ರ ಏಪ್ರಿಲ್‌ನಲ್ಲಿ ಸೇವೆಯಿಂದ ನಿವೃತ್ತವಾಗುವಷ್ಟರಲ್ಲಿ ಇದು ಓಡಿದ್ದು 14 ಲಕ್ಷ ಮೈಲಿಗೂ ಹೆಚ್ಚು. ಸಂರಕ್ಷಣೆಗೆ ಆರಿಸಿಕೊಂಡವರು ತಗಡುಗಳನ್ನು ಮತ್ತೆ ಜೋಡಿಸಿ, ನೀಲಿ ಬಳಿದು, 4468 ಎಂಬ ಮೊದಲ ಸಂಖ್ಯೆಯನ್ನೇ ಬರೆಸಿದರು. ನೋಟಕ್ಕೆ ಇದು ಬಹಳ ಸೊಗಸು. ಆದರೂ ಬಡಾವಣೆ, ಹೊಲ, ಮಂಜು, ಮಳೆ ಎನ್ನದೆ ಜನರನ್ನು ಹೊತ್ತು ಓಡಿದ ಇಪ್ಪತ್ತೈದು ವರ್ಷಗಳ ಗುರುತು ಈ ಹೊಳಪಿನಲ್ಲಿ ಮಸುಕಾಗಿದೆ ಎಂದು ನನಗನ್ನಿಸುತ್ತದೆ. ನೋಡುವವರು ಅದನ್ನು ತಾವೇ ತುಂಬಿಕೊಳ್ಳಬೇಕು.

ಎಂಜಿನ್ನನ್ನು ತಣ್ಣಗೆ ನಿಲ್ಲಿಸಿರುವುದು ಸರಿಯೇ ಎಂಬ ಪ್ರಶ್ನೆಯನ್ನು ಉಗಿ ಎಂಜಿನ್ ಪ್ರಿಯರು ಮತ್ತೆ ಮತ್ತೆ ಎತ್ತುತ್ತಾರೆ. ದಾಖಲೆಯ ಐವತ್ತನೇ ವರ್ಷದ ಸಂದರ್ಭದಲ್ಲಿ, 1980ರ ದಶಕದಲ್ಲಿ, ಇದಕ್ಕೆ ಮತ್ತೆ ಬೆಂಕಿ ಹಾಕಿ ಹಳಿಗೆ ತಂದಿದ್ದರು. ನನ್ನ ಅಭಿಪ್ರಾಯದಲ್ಲಿ ಈಗ ನಿಲ್ಲಿಸಿರುವುದೇ ಸರಿ. ಓಡುವ ಎಂಜಿನ್ನಿನ ಬಾಯ್ಲರನ್ನು ಸುಮಾರು ಹತ್ತು ವರ್ಷಕ್ಕೊಮ್ಮೆ ಕಳಚಿ, ಸವೆದ ಕೊಳವೆ ಮತ್ತು ತಗಡುಗಳನ್ನು ಬದಲಿಸಲೇಬೇಕಾಗುತ್ತದೆ; ಪ್ರತಿ ಬಾರಿಯೂ ಮೂಲ ಲೋಹ ಒಂದಿಷ್ಟು ಕೈಬಿಟ್ಟುಹೋಗುತ್ತದೆ. ಆರು ಎ4 ಎಂಜಿನ್‌ಗಳು ಉಳಿದಿರುವಾಗ ಓಡುವ ಕೆಲಸವನ್ನು ಸೋದರರಿಗೆ ಬಿಟ್ಟು, ದಾಖಲೆಯ ಎಂಜಿನ್ನನ್ನು ಸಾಕ್ಷ್ಯವಾಗಿ ಕಾಯ್ದುಕೊಳ್ಳುವುದು ವಿವೇಕದ ನಡೆ. ಅಮೆರಿಕ ಮತ್ತು ಕೆನಡಾಗಳಲ್ಲಿದ್ದ ಎರಡನ್ನೂ ಕರೆಸಿ, ಆರನ್ನೂ 2013ರಲ್ಲಿ ಯಾರ್ಕ್‌ನಲ್ಲಿ ಒಟ್ಟಿಗೆ ನಿಲ್ಲಿಸಿದ್ದು ಈ ಸಂಗ್ರಹಾಲಯದ ಸಾಮರ್ಥ್ಯಕ್ಕೆ ಒಳ್ಳೆಯ ನಿದರ್ಶನ.

ಬೆಂಕಿ, ಹೊಗೆ ಮತ್ತು ಎ4 ಎಂಜಿನ್‌ಗಳ ಮೂರು ಸ್ವರದ ಸಿಳ್ಳೆ ಬೇಕೆನ್ನುವವರು, ದೀರ್ಘ ದುರಸ್ತಿಯ ನಂತರ 2022ರಲ್ಲಿ ಮುಖ್ಯ ಮಾರ್ಗಕ್ಕೆ ಮರಳಿದ ‘ಸರ್ ನೈಜೆಲ್ ಗ್ರೆಸ್ಲಿ’ ಎಂಬ ಎ4 ಎಂಜಿನ್ನಿನ ಪ್ರವಾಸಗಳ ವೇಳಾಪಟ್ಟಿಯನ್ನು ನೋಡಿಕೊಳ್ಳುವುದು ಒಳ್ಳೆಯದು. ಯಾರ್ಕ್‌ಗೆ ಬರುವವರು ಮ್ಯಾಲಾರ್ಡ್‌ಗೆಂದೇ ಒಂದು ಗಂಟೆಯನ್ನಾದರೂ ಮೀಸಲಿಡಿ, ಮತ್ತು ಮಕ್ಕಳಿದ್ದರೆ ಮೂರನೆಯ ಸಿಲಿಂಡರ್ ಎಲ್ಲಿರಬಹುದೆಂದು ಅವರಿಂದಲೇ ಹುಡುಕಿಸಿ.