ಒರ್ಲ್ಯಾಂಡೊ ಮ್ಯಾಜಿಕ್, 2024-25: ಡಿಫೆನ್ಸ್‌ಗೆ ಚಪ್ಪಾಳೆ, ಶೂಟಿಂಗ್ ಫೇಲ್

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಪಂದ್ಯ ಲೈವ್ ನೋಡಬೇಕೆಂದರೆ ನಮ್ಮಲ್ಲಿ ಬೆಳಗಿನ ಜಾವ ಐದೂವರೆಗೇ ಏಳಬೇಕು. ಹಾಗೆ ನಿದ್ದೆಗೆಟ್ಟು ನೋಡುವಂಥ ತಂಡವೇ ಇದು? ಚೆಂಡು ಎದುರಾಳಿಯ ಕೈಯಲ್ಲಿದ್ದಾಗ ಖಂಡಿತ ಹೌದು. ಇವರ ಕೈಗೆ ಬಂದ ಮೇಲೆ ಕಷ್ಟ.

ತಂಡದ ತ್ರೀ ಪಾಯಿಂಟರ್‌ಗಳಲ್ಲಿ (ದೂರದ ಗೆರೆಯಾಚೆಯಿಂದ ಮೂರು ಅಂಕಕ್ಕೆ ಹೊಡೆಯುವ ಎಸೆತ) ಒಳಗೆ ಬಿದ್ದದ್ದು ಶೇ 31.8 ಮಾತ್ರ, ಮೂವತ್ತು ತಂಡಗಳಲ್ಲಿ ಕಟ್ಟಕಡೆ. ಲೀಗ್ ಸರಾಸರಿ ಶೇ 36ರ ಆಸುಪಾಸು. ಅಂದರೆ ಒಂದು ತ್ರೀ ಎಸೆದರೆ ಬೇರೆಯವರಿಗೆ ಸರಾಸರಿ 1.08 ಅಂಕ, ಇವರಿಗೆ 0.95. ಪಂದ್ಯಕ್ಕೆ ಸುಮಾರು 35 ಎಸೆತ ಎಂದಿಟ್ಟುಕೊಳ್ಳಿ, ನಾಲ್ಕು ಅಂಕ ಕೈಬಿಟ್ಟಂತೆ. ಗಳಿಸಿದ್ದೂ ಕೊಟ್ಟದ್ದೂ ಪಂದ್ಯಕ್ಕೆ 105ರ ಸುತ್ತಮುತ್ತಲೇ ಇರುವ ತಂಡಕ್ಕೆ ಈ ನಾಲ್ಕು ಅಂಕವೇ ಎಲ್ಲ. 41 ಗೆಲುವು, 41 ಸೋಲಿಗೆ ನಿಂತದ್ದು ಅದಕ್ಕೇ.

ಕೆಡುವುದು ಎಲ್ಲಿ ಅಂತ ತಿಳಿಯಲು ಕಾರ್ನರ್‌ನಲ್ಲಿ, ಅಂದರೆ ಅಂಗಳದ ಮೂಲೆಯಲ್ಲಿರುವ ಎದುರಾಳಿ ಡಿಫೆಂಡರ್‌ನ ಪಾದ ನೋಡಿ. ತಾನು ಕಾಯುತ್ತಿರುವ ಆಟಗಾರ ಶೂಟರ್ ಅಲ್ಲ ಎಂದು ಗೊತ್ತಿದ್ದರೆ ಅವನು ಒಂದು ಕಾಲನ್ನು ಪೇಂಟ್‌ನೊಳಗೆ, ಬುಟ್ಟಿಯ ಮುಂದಿನ ಬಣ್ಣದ ಜಾಗದೊಳಗೆ ಇಡುತ್ತಾನೆ, ನಿಯಮದ ಮೂರು ಸೆಕೆಂಡ್ ಆಗುವ ಮೊದಲೇ ತೆಗೆಯುತ್ತಾನೆ, ಮತ್ತೆ ಇಡುತ್ತಾನೆ. ಮ್ಯಾಜಿಕ್‌ನ ಪಾವೊಲೊ ಬ್ಯಾಂಕೆರೊ ಭುಜ ಕೊಟ್ಟು ಒಳನುಗ್ಗುವಷ್ಟರಲ್ಲಿ ಎದುರಿಗೆ ಇಬ್ಬರು ನಿಂತಿರುತ್ತಾರೆ. ಚೆಂಡು ಕಾರ್ನರ್‌ಗೆ ಹೋಗುವ ಹೊತ್ತಿಗೆ ಎಸೆಯಲು ಕೊಟ್ಟ ಸಮಯ ಎಣಿಸುವ ಶಾಟ್ ಕ್ಲಾಕ್‌ನಲ್ಲಿ ಐದಾರು ಸೆಕೆಂಡ್ ಉಳಿದಿರುತ್ತದೆ. ಇನ್ನೊಂದು ಪಾಸ್‌ಗೆ ಹೊತ್ತಿಲ್ಲ, ಹೊಡೆಯಲೇಬೇಕು. ಸ್ಕ್ರೀನ್ ಹಾಕಿದರೂ, ಅಂದರೆ ಜೊತೆಗಾರ ಅಡ್ಡ ನಿಂತು ದಾರಿ ತಡೆದರೂ, ಡಿಫೆಂಡರ್ ಅದರ ಹಿಂದಿನಿಂದ ಸುತ್ತಿ ಬರುತ್ತಾನೆ. ಹೊರಗಿಂದ ಹೊಡೆಯಲಿ ಬಿಡು ಎಂಬ ಧೈರ್ಯ.

ಗಾಯಗಳ ಕಾಟ ನಿಜ. ಅಕ್ಟೋಬರ್ ಕೊನೆಯಲ್ಲಿ ಬ್ಯಾಂಕೆರೊಗೆ, ಡಿಸೆಂಬರ್ ಮೊದಲ ವಾರದಲ್ಲಿ ಫ್ರಾನ್ಸ್ ವಾಗ್ನರ್‌ಗೆ ಹೊಟ್ಟೆಯ ಬಲಬದಿಯ ಅದೇ ಸ್ನಾಯು ಹರಿಯಿತು. ತಂಡದ ಇನ್ನೊಬ್ಬ ಆಟಗಾರ ಜೇಲನ್ ಸಗ್ಸ್ ಆಡಿದ್ದು ಬರೀ 35 ಪಂದ್ಯ. ಆದರೆ ಎಲ್ಲವನ್ನೂ ಗಾಯದ ಲೆಕ್ಕಕ್ಕೆ ಬರೆಯುವುದು ತಪ್ಪು. ಅಂಗಳದಲ್ಲಿದ್ದಾಗಲೂ ಬ್ಯಾಂಕೆರೊ ತ್ರೀ ಶೇ 32, ವಾಗ್ನರ್‌ದು ಶೇ 29.5. ಇಬ್ಬರೂ ಮುಖ್ಯ ಆಟಗಾರರು, ಇಬ್ಬರಿಗೂ ಒಳನುಗ್ಗಲು ದಾರಿ ಬೇಕಿತ್ತು, ಹೊರಗಿಂದ ಹೊಡೆದು ದಾರಿ ಮಾಡಿಕೊಡುವವರೇ ಇರಲಿಲ್ಲ. ಅದಕ್ಕೆಂದೇ ಮೂರು ವರ್ಷಕ್ಕೆ 6.6 ಕೋಟಿ ಡಾಲರ್ ಕೊಟ್ಟು ಕರೆತಂದ ಕೆಂಟೇವಿಯಸ್ ಕಾಲ್ಡ್‌ವೆಲ್-ಪೋಪ್, ಹಿಂದಿನ ತಂಡ ಡೆನ್ವರ್‌ನಲ್ಲಿ ಶೇ 40.6 ಹೊಡೆದವರು ಇಲ್ಲಿ ಶೇ 34.2ಕ್ಕೆ ಇಳಿದರು. ಡೆನ್ವರ್‌ನಲ್ಲಿ ನಿಕೋಲಾ ಯೋಕಿಚ್ ಕೈಯಿಂದ ಚೆಂಡು ಸರಿಯಾದ ಕ್ಷಣಕ್ಕೆ, ಎದೆಯ ಎತ್ತರಕ್ಕೆ ಬರುತ್ತಿತ್ತು. ಅಂಥ ಪಾಸ್ ಇಲ್ಲದೆ ಶೂಟರ್‌ನನ್ನಷ್ಟೇ ತಂದರೆ ಅರ್ಧ ಕೆಲಸ.

2025ರ ಜೂನ್‌ನಲ್ಲಿ ಮ್ಯಾನೇಜ್‌ಮೆಂಟ್ ಕಾಲ್ಡ್‌ವೆಲ್-ಪೋಪ್‌ರನ್ನೂ ಇನ್ನೊಬ್ಬ ಆಟಗಾರ ಕೋಲ್ ಆಂಟನಿಯನ್ನೂ ನಾಲ್ಕು ಮೊದಲ ಸುತ್ತಿನ ಪಿಕ್‌ಗಳನ್ನೂ (ಡ್ರಾಫ್ಟ್‌ನಲ್ಲಿ ಹೊಸ ಆಟಗಾರರನ್ನು ಆರಿಸುವ ಹಕ್ಕು) ಮೆಂಫಿಸ್ ತಂಡಕ್ಕೆ ಕೊಟ್ಟು ಡೆಸ್ಮಂಡ್ ಬೇನ್‌ನನ್ನು ತಂದಿತು. ಬೆಲೆ ಜಾಸ್ತಿಯೇ. ಆದರೂ ಇದು ಸರಿಯಾದ ಔಷಧಿ: ಬೇನ್ ನಿಂತೂ ಹೊಡೆಯಬಲ್ಲ, ಡ್ರಿಬಲ್ ಮಾಡುತ್ತಲೂ ಹೊಡೆಯಬಲ್ಲ. ಅವನಿಗಾಗಿ ಹಾಕಿದ ಸ್ಕ್ರೀನ್ ಹಿಂದಿನಿಂದ ಸುತ್ತಿ ಬರುವ ಧೈರ್ಯ ಯಾರಿಗೂ ಸಾಲದು.

2024-25ರ ಆ ಸೀಸನ್‌ನಿಂದ ಒಂದೇ ಪಂದ್ಯ ನೋಡುವುದಾದರೆ ಪ್ಲೇಆಫ್‌ನ ಮೊದಲ ಸುತ್ತಿನ ಮೂರನೆಯದನ್ನು ಆರಿಸಿ. ಸರಣಿಯನ್ನು 4-1ರಿಂದ ಸೋತರೂ, ಆಗಿನ ಚಾಂಪಿಯನ್ ಬಾಸ್ಟನ್‌ನ್ನು ಅಂದು 93ಕ್ಕೆ ಕಟ್ಟಿಹಾಕಿ ಇವರು ಗೆದ್ದದ್ದು 95 ಅಂಕದಲ್ಲಿ.