3+1+1 ಬಟ್ಟೆ ಸೋಫಾ, ಎಂಟು ವರ್ಷದ ಬಳಕೆಯ ನಂತರ: ಯಾವುದನ್ನು ಬದಲಿಸಬೇಕು, ಯಾವುದನ್ನು ಉಳಿಸಿಕೊಳ್ಳಬೇಕು

ಮೊದಲು ಸೋಫಾದ ವಿವರ. ಮೂರು ಸೀಟಿನದು ಒಂದು, ಒಂಟಿ ಸೀಟಿನವು ಎರಡು. ಸಾಲ್ ಮರದ ಚೌಕಟ್ಟು, ಸೀಟಿನ ತಳಕ್ಕೆ ಜಿಗ್‌ಜ್ಯಾಗ್ ಸ್ಪ್ರಿಂಗ್, ಅದರ ಮೇಲೆ 5 ಇಂಚಿನ 32 ಡೆನ್ಸಿಟಿ ಫೋಮ್. ಬೆನ್ನಿನ ದಿಂಬಿಗೆ ಮೆತ್ತನೆ ಫೋಮ್ ಮತ್ತು ಫೈಬರ್. ಹೊದಿಕೆ ಶೆನಿಲ್ ಎಂಬ ನವಿರು ಎಳೆಯ ಮೆತ್ತನೆ ಬಟ್ಟೆ, ತಲೆ ಒರಗುವ ಜಾಗಕ್ಕೂ ಕೈಗಳಿಗೂ ರೆಕ್ಸಿನ್ ಪಟ್ಟಿ. ಬೆಂಗಳೂರಿನ ಫ್ಲಾಟಿನಲ್ಲಿ ದಿನವೂ ಬಳಕೆಯಲ್ಲಿದೆ. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ, ಈ ದರ್ಜೆಯ ಸೋಫಾಗಳ ಒಳಗಿನ ಕಟ್ಟು ಬಹುತೇಕ ಇದೇ.

ಒಂದೇ ಸೋಫಾದ ಭಾಗಗಳು ಒಂದೇ ವೇಗದಲ್ಲಿ ಸವೆಯುವುದಿಲ್ಲ. ಇದರಲ್ಲಿ ಮೊದಲು ಹೋದದ್ದು ರೆಕ್ಸಿನ್, ಆಮೇಲೆ ಸೀಟಿನ ಫೋಮ್. ಸ್ಪ್ರಿಂಗಿನ ಒಂದೆರಡು ಕ್ಲಿಪ್ ಸಡಿಲವಾದವು. ಚೌಕಟ್ಟು ಮಾತ್ರ ಇವತ್ತಿಗೂ ಅಲುಗಿಲ್ಲ. ಯುಗಾದಿ, ದೀಪಾವಳಿಗೆ ಎಕ್ಸ್‌ಚೇಂಜ್ ಆಫರ್ ಬಂದಾಗ ಇಡೀ ಸೋಫಾ ಕೊಟ್ಟುಬಿಡುವವರೇ ಹೆಚ್ಚು. ಹಾಗೆ ಕೊಡುವಾಗ ಕೈಬಿಟ್ಟು ಹೋಗುವುದು ಇನ್ನೂ ಹಲವು ವರ್ಷ ಬಾಳುವ ಮರ. ಕೈಗೆ ಬರುವುದು ಒಳಗೆ ಏನಿದೆಯೋ ಗೊತ್ತಿಲ್ಲದ ಹೊಸ ಸರಕು. ಹಾಗಾಗಿ ಬದಲಿಸುವ ತೀರ್ಮಾನ ಚೌಕಟ್ಟಿನಿಂದ ಶುರುವಾಗಬೇಕು, ಹೊದಿಕೆಯಿಂದಲ್ಲ.

ಚೌಕಟ್ಟು ನೋಡುವ ಕ್ರಮ ಸುಲಭ. ಸೋಫಾದ ಮುಂದಿನ ಒಂದು ಮೂಲೆಯನ್ನು ಹಿಡಿದು ನೆಲದಿಂದ ಆರು ಇಂಚು ಎತ್ತಿ. ಅಷ್ಟರೊಳಗೆ ಇನ್ನೊಂದು ಮುಂಗಾಲೂ ನೆಲ ಬಿಡಬೇಕು. ಅದು ನೆಲದಲ್ಲೇ ಕೂತು ನಡುವಿನ ಭಾಗ ತಿರುಚಿಕೊಂಡರೆ ಮೂಲೆಯ ಕೂಡುಗಳು ಬಿಟ್ಟಿವೆ ಎಂದರ್ಥ. ನಂತರ ಸೋಫಾವನ್ನು ಮಗುಚಿ, ತಳದ ಕಪ್ಪು ಬಟ್ಟೆಯ ಪಿನ್ನುಗಳನ್ನು ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಒಂದು ಬದಿಯಷ್ಟು ಕಿತ್ತು, ಟಾರ್ಚ್ ಹಾಕಿ ಒಳಗೆ ನೋಡಿ. ಮೂಲೆಗಳಲ್ಲಿ ಮರದ ತ್ರಿಕೋನ ತುಂಡು ಇಟ್ಟು ಅಂಟು ಮತ್ತು ಸ್ಕ್ರೂ ಹಾಕಿದ್ದರೆ ಅದು ನಂಬುವಂಥ ಕೆಲಸ. ಬರೀ ಸ್ಟೇಪ್ಲರ್ ಪಿನ್ ಹೊಡೆದಿದ್ದರೆ ಕೂಡು ಸಡಿಲವಾಗುವುದು ಖಚಿತ. ಆದರೂ ಮರ ಚೆನ್ನಾಗಿದ್ದರೆ ಬಡಗಿಯಿಂದ ಅಂಟು ತುಂಬಿಸಿ, ಮೂಲೆಗೆ ತುಂಡು ಕೂರಿಸಿ, ಸ್ಕ್ರೂ ಬಿಗಿಸಿಕೊಳ್ಳಬಹುದು. ಅಡ್ಡಪಟ್ಟಿ ಉದ್ದಕ್ಕೆ ಸೀಳಿದ್ದರೆ ಆ ಒಂದು ಪಟ್ಟಿಯನ್ನಷ್ಟೇ ಹೊಸದಾಗಿ ಹಾಕಿಸಿದರೆ ಸಾಕು. ರಿಪೇರಿಗೆ ಒಗ್ಗದ್ದು ಮರದ ಚೂರನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್. ಒಮ್ಮೆ ನೀರು ಕುಡಿದು ಉಬ್ಬಿದರೆ ಅದು ಒಣಗಿದ ಮೇಲೂ ಹಳೆಯ ದಪ್ಪಕ್ಕೆ ಇಳಿಯುವುದಿಲ್ಲ, ಸ್ಕ್ರೂ ಹಿಡಿಯುವುದೂ ಇಲ್ಲ. ನೆಲ ಒರೆಸುವ ನೀರು ತಾಗಿ ತಳದ ಅಂಚು ಉಬ್ಬಿದ ಅಂಥ ಸೋಫಾಕ್ಕೆ ಹೊಸ ಫೋಮ್ ಹಾಕಿಸುವುದು ದುಡ್ಡು ದಂಡ.

ಮರದಲ್ಲಿ ಹುಳು ಇದೆಯೇ ಎಂದು ನೋಡುವುದಕ್ಕೂ ಇದೇ ಸಮಯ. 1–2 ಮಿಲಿಮೀಟರಿನ ದುಂಡು ತೂತು, ಕೆಳಗೆ ತೀರಾ ನುಣುಪಾದ ಪುಡಿ ಇದ್ದರೆ ಕುಟ್ಟೆ ಹುಳು. ಮಣ್ಣಿನ ಗೆರೆ ಗೋಡೆಯಿಂದ ಕಾಲಿಗೆ ಹತ್ತಿದ್ದರೆ ನೆಲದ ಗೆದ್ದಲು. ಗಸಗಸೆಯಂಥ ಗಟ್ಟಿ ಕಾಳುಗಳು ರಾಶಿ ಬಿದ್ದಿದ್ದರೆ ಒಣಮರದ ಗೆದ್ದಲು, ಇದನ್ನು ಕರಾವಳಿಯ ಮನೆಗಳಲ್ಲಿ ಕಾಣುತ್ತೇವೆ. ತೂತು ಕಂಡ ಮಾತ್ರಕ್ಕೆ ಹುಳು ಜೀವಂತವಿದೆ ಎಂದು ಹೇಳಲಾಗದು. ಪುಡಿಯನ್ನೆಲ್ಲ ಗುಡಿಸಿ ತೆಗೆದು, ಕೆಳಗೆ ಕಪ್ಪು ಕಾಗದ ಹಾಸಿ, ಎರಡು ವಾರ ಬಿಟ್ಟು ನೋಡಿ. ಹೊಸ ಪುಡಿ ಬಿದ್ದಿದ್ದರೆ ಹುಳು ತಿನ್ನುತ್ತಿದೆ. ಕುಟ್ಟೆ ಹುಳುವಿಗೆ ಬೇಕಾದದ್ದು ಮರದ ಹೊರಗಿನ ಬಿಳಿ ಭಾಗದಲ್ಲಿರುವ ಪಿಷ್ಟ. ಒಳಗಿನ ಚೇಗಿಗೆ ಅದು ಅಷ್ಟಾಗಿ ಹೋಗುವುದಿಲ್ಲ. ರಬ್ಬರ್ ಮರದಲ್ಲಿ ಪಿಷ್ಟ ಹೆಚ್ಚು, ಬೋರಾನ್ ಲವಣದ ಉಪಚಾರ ಸರಿಯಾಗಿ ಆಗಿರದಿದ್ದರೆ ಹುಳು ಬೇಗ ಹಿಡಿಯುತ್ತದೆ. ಒಂದು ಪಟ್ಟಿಗಷ್ಟೇ ಹಿಡಿದಿದ್ದರೆ ಅದನ್ನು ತೆಗೆಸಿ, ಉಳಿದ ಬರಿ ಮರಕ್ಕೆ ಮರ ಸಂರಕ್ಷಕ ದ್ರವವನ್ನು ಬ್ರಷ್‌ನಲ್ಲಿ ಎರಡು ಸಲ ಹಚ್ಚಿಸಿ, ತೂತುಗಳಿಗೆ ಸಿರಿಂಜಿನಲ್ಲಿ ಬಿಡಿಸಿ. ಪಾಲಿಶ್ ಇರುವ ಕಡೆ ಹಚ್ಚಿದರೆ ಒಳಗೆ ಇಳಿಯುವುದಿಲ್ಲ. ಮೂರ್ನಾಲ್ಕು ಕಡೆಯಿಂದ ಪುಡಿ ಬೀಳುತ್ತಿದ್ದರೆ ಆ ಸೋಫಾ ಇಟ್ಟುಕೊಳ್ಳಬೇಡಿ. ಪಕ್ಕದ ಮಂಚ, ಬಾಗಿಲ ಚೌಕಟ್ಟಿಗೂ ಅದು ಅಪಾಯ.

ತಿಗಣೆಯ ಮಾತೇ ಬೇರೆ. ತಳದ ಕಪ್ಪು ಬಟ್ಟೆಯ ಮಡಿಕೆಯಲ್ಲಿ, ಪಿನ್ನುಗಳ ಸಾಲಿನಲ್ಲಿ ಕಪ್ಪು ಚುಕ್ಕೆಗಳಿದ್ದರೆ ಮೊದಲು ಕೀಟ ನಿಯಂತ್ರಣದವರನ್ನು ಕರೆಸಿ, ಆಮೇಲೆ ಉಳಿದ ಯೋಚನೆ. ಅಂಥ ಸೋಫಾವನ್ನು ಯಾರಿಗೂ ದಾನ ಕೊಡಬೇಡಿ.

ಈಗ ಫೋಮ್. ಹೆಚ್ಚು ಜನ ಸೋಫಾ ಹಾಳಾಯಿತು ಎನ್ನುವುದು ಇದರಿಂದಲೇ, ಅಂಗಡಿಯಲ್ಲಿ ಹೆಚ್ಚು ಮೋಸ ನಡೆಯುವುದೂ ಇದರಲ್ಲೇ. ಡೆನ್ಸಿಟಿ ಎಂದರೆ ಗಟ್ಟಿತನ ಅಲ್ಲ, ಒಂದು ಘನ ಮೀಟರ್ ಫೋಮಿನ ತೂಕ ಎಷ್ಟು ಕಿಲೋ ಎಂಬುದು. ಕಡಿಮೆ ಡೆನ್ಸಿಟಿಯ ಫೋಮನ್ನೂ ಗಟ್ಟಿಯಾಗಿ ತಯಾರಿಸಬಹುದು. ಅಂಗಡಿಯಲ್ಲಿ ಕೂತು ನೋಡಿದಾಗ ಅದು ಚೆನ್ನಾಗಿಯೇ ಇರುತ್ತದೆ, ಬೇಗ ಕುಸಿಯುತ್ತದೆ. ಆದ್ದರಿಂದ ತೂಕ ಹಾಕಿ. 24 ಇಂಚು ಅಗಲ, 24 ಇಂಚು ಉದ್ದ, 5 ಇಂಚು ದಪ್ಪದ ತುಂಡು 32 ಡೆನ್ಸಿಟಿಯದಾದರೆ ಸುಮಾರು 1.5 ಕಿಲೋ ತೂಗಬೇಕು, 40 ಡೆನ್ಸಿಟಿಯದಾದರೆ 1.9 ಕಿಲೋ. 1.1 ಕಿಲೋ ಬಂದರೆ ಅದು 23 ಡೆನ್ಸಿಟಿ, ಬೆನ್ನಿನ ದಿಂಬಿಗೆ ಸಾಕು, ಸೀಟಿಗೆ ಸಾಲದು. ತೂಕವೊಂದನ್ನೇ ನಂಬುವಂತೆಯೂ ಇಲ್ಲ. ಭಾರ ಹೆಚ್ಚಿಸಲು ಸುಣ್ಣಕಲ್ಲಿನ ಪುಡಿ ಬೆರೆಸಿದ ಫೋಮ್ ಇದೆ. ಕತ್ತರಿಸಿದ ಅಂಚನ್ನು ಬೆರಳಿನಲ್ಲಿ ಬಲವಾಗಿ ಉಜ್ಜಿದಾಗ ಬಿಳಿ ಪುಡಿ ಅಂಟಿದರೆ ಅದನ್ನು ಬಿಟ್ಟುಬಿಡಿ.

ಮನೆಯಲ್ಲಿರುವ ಫೋಮ್ ಮುಗಿದಿದೆಯೇ ಎಂದು ತಿಳಿಯಲು ಒಂದು ನೆಟ್ಟಗಿನ ಕೋಲನ್ನು ಸೀಟಿನ ಎಡ ಅಂಚಿನಿಂದ ಬಲ ಅಂಚಿಗೆ ಅಡ್ಡ ಇಡಿ. ಯಾರೂ ಕೂರದೆ ಒಂದು ರಾತ್ರಿ ಕಳೆದ ಮೇಲೂ ಕೋಲಿಗೂ ಕುಶನ್ನಿಗೂ ನಡುವೆ ಒಂದು ಇಂಚಿಗಿಂತ ಹೆಚ್ಚು ಸಂದು ಇದ್ದರೆ ಫೋಮಿನ ಕಾಲ ಮುಗಿಯಿತು. ಬಣ್ಣ ಹಳದಿಯಾದದ್ದು ತೊಂದರೆಯಲ್ಲ, ಬೆಳಕು ಗಾಳಿಗೆ ಎಲ್ಲ ಫೋಮ್ ಹಳದಿಯಾಗುತ್ತದೆ. ಹಿಂಡಿದಾಗ ಪುಡಿಯಾಗಿ ಉದುರುವುದು ತೊಂದರೆ.

ಕುಶನ್ ಕುಸಿದಂತೆ ಕಂಡರೂ ತಪ್ಪು ಫೋಮಿನದೇ ಆಗಿರಬೇಕಿಲ್ಲ. ಕುಶನ್ನಿನ ಕೆಳಗೆ 12 ಎಂ.ಎಂ. ಪ್ಲೈವುಡ್ ತುಂಡು ಇಟ್ಟು ಕೂತು ನೋಡಿ. ಕೂರಲು ಮೊದಲಿನಂತೆ ಹಿತವಾದರೆ ತಳದ ಸ್ಪ್ರಿಂಗ್ ಅಥವಾ ಬೆಲ್ಟ್ ಜೋತಿದೆ, ಫೋಮ್ ಸರಿಯಿದೆ. ಆಗಲೂ ಕೆಳಗೆ ಹಲಗೆ ತಾಗಿದಂತಾದರೆ ಫೋಮ್ ಹೋಗಿದೆ. ಪ್ಲೈವುಡ್ಡನ್ನು ಕಾಯಂ ಆಗಿ ಅಲ್ಲೇ ಬಿಡುವ ರೂಢಿ ಒಳ್ಳೆಯದಲ್ಲ. ಸ್ಪ್ರಿಂಗ್ ತಾಳಿಕೊಳ್ಳಬೇಕಾದ ಹೊಡೆತವೆಲ್ಲ ಫೋಮಿನ ಮೇಲೇ ಬಿದ್ದು ಅದು ಬೇಗ ಸಾಯುತ್ತದೆ. ಜಿಗ್‌ಜ್ಯಾಗ್ ಸ್ಪ್ರಿಂಗಿನ ಸದ್ದು ಬರುವುದು ತಂತಿಯಿಂದಲ್ಲ, ಅದನ್ನು ಪಟ್ಟಿಗೆ ಹಿಡಿದಿರುವ ಕ್ಲಿಪ್ಪಿನ ಒಳಗಿನ ಪ್ಲಾಸ್ಟಿಕ್ ಸವೆದಾಗ. ಕ್ಲಿಪ್ ಬದಲಿಸಿದರೆ ಸದ್ದು ನಿಲ್ಲುತ್ತದೆ. ಕೆಲಸ ಚಿಕ್ಕದು, ಖರ್ಚೂ ಕಡಿಮೆ. ಎಲಾಸ್ಟಿಕ್ ಬೆಲ್ಟ್ ಆದರೆ ಎಳೆದು ಬಿಗಿಸುವ ಬದಲು ಹೊಸದನ್ನೇ ಹೆಣೆಸಿ, ಜೋತ ರಬ್ಬರಿಗೆ ಮತ್ತೆ ಬಿಗಿ ಬರುವುದಿಲ್ಲ.

ರೆಕ್ಸಿನ್ ಬಗ್ಗೆ ನಮ್ಮ ಅಭಿಪ್ರಾಯ ಖಡಾಖಂಡಿತ: ತಲೆ, ಕೈ ತಾಗುವ ಕಡೆ ಬೇಡ. ಬಟ್ಟೆಯ ಮೇಲೆ ಪಾಲಿಯುರೆಥೇನ್ ಪದರ ಕೂರಿಸಿದ ರೆಕ್ಸಿನ್ನು ಸೆಕೆ ಮತ್ತು ತೇವಕ್ಕೆ ಒಳಗಿನಿಂದಲೇ ಒಡೆಯುತ್ತದೆ. ಬೆವರು, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಸೇರಿದರೆ ಇನ್ನೂ ಬೇಗ ಹಪ್ಪಳಿಕೆ ಎದ್ದು ಉದುರುತ್ತದೆ. ಪಿ.ವಿ.ಸಿ. ರೆಕ್ಸಿನ್ನು ಉದುರುವುದಿಲ್ಲ, ಅದನ್ನು ಮೆತ್ತಗಿಡುವ ದ್ರವ್ಯ ಹೊರಬಂದು ಬಿರುಸಾಗಿ ಸೀಳುತ್ತದೆ. ಇವೆರಡನ್ನೂ ಬಣ್ಣ, ಅಂಟು ಹಚ್ಚಿ ಉಳಿಸುವ ಪ್ರಯತ್ನ ಬಾಳುವುದಿಲ್ಲ. ಆದರೆ ಇದು ಹೊದಿಕೆಯ ರೋಗ, ಸೋಫಾದ್ದಲ್ಲ. ಆ ಪಟ್ಟಿಗಳ ಜಾಗಕ್ಕೆ ಬಟ್ಟೆ ಹಾಕಿಸಿದರೆ ಮುಗಿಯಿತು. ತಲೆ ಒರಗುವ ಕಡೆ ತೆಗೆದು ಒಗೆಯಬಹುದಾದ ಒಂದು ತುಂಡು ಬಟ್ಟೆ ಇರಲಿ.

ಶೆನಿಲ್ ನೋಡಲು ಚೆಂದ, ಬೆಕ್ಕಿರುವ ಮನೆಗೆ ಬೇಡ, ಎಳೆ ಎಳೆಯಾಗಿ ಬರುತ್ತದೆ. ಹೊಸ ಬಟ್ಟೆ ಆರಿಸುವಾಗ ಸ್ಯಾಂಪಲ್ ಪುಸ್ತಕದ ಹಿಂದಿನ ಚೀಟಿಯಲ್ಲಿ ಮಾರ್ಟಿಂಡೇಲ್ ಸಂಖ್ಯೆ ನೋಡಿ. ಬಟ್ಟೆ ಎಷ್ಟು ಉಜ್ಜಾಟ ತಾಳುತ್ತದೆ ಎಂಬ ಲೆಕ್ಕ ಅದು, ದಿನಬಳಕೆಗೆ 20,000ಕ್ಕಿಂತ ಕಡಿಮೆ ಬೇಡ. ಪಶ್ಚಿಮದ ಕಿಟಕಿ ಪಕ್ಕ ಇಡುವುದಾದರೆ ಗಾಢ ನೀಲಿ, ಕೆಂಪು ಬಿಟ್ಟು ತಿಳಿ ಬಣ್ಣ ನೋಡಿ, ಮಾಸಿದರೂ ಎದ್ದು ಕಾಣುವುದಿಲ್ಲ. ಮಲೆನಾಡು, ಕರಾವಳಿಯವರು ಸೋಫಾದ ಬೆನ್ನನ್ನು ಗೋಡೆಯಿಂದ ಮೂರು ಇಂಚಾದರೂ ದೂರ ಇಟ್ಟರೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುವುದು ತಗ್ಗುತ್ತದೆ.

ಚೌಕಟ್ಟು ಗಟ್ಟಿಯಿದ್ದರೂ ಸೋಫಾ ಕೆಲಸಕ್ಕೆ ಬಾರದಂತಾಗುವ ಒಂದು ಸಂದರ್ಭವಿದೆ. ಅದು ಎತ್ತರ. ಹೊಸದಿದ್ದಾಗ 17 ಇಂಚಿದ್ದ ಸೀಟು ಫೋಮ್ ಕುಸಿದಂತೆ 15ಕ್ಕೆ ಇಳಿಯುತ್ತದೆ. ಮಂಡಿನೋವಿರುವ ಹಿರಿಯರಿಗೆ ಅಷ್ಟು ತಗ್ಗಿನಿಂದ ಏಳುವುದು ದೊಡ್ಡ ಕಷ್ಟ. ಅವರಿಗೆ ಕೂತಾಗಲೂ 18 ಇಂಚು ಉಳಿಯಬೇಕು, ಹಿಡಿದು ಏಳಲು ಗಟ್ಟಿ ಕೈಗಳಿರಬೇಕು, ಸೀಟಿನ ಆಳ 20–21 ಇಂಚು ಮೀರಬಾರದು. ಫೋಮ್ ದಪ್ಪ ಮಾಡಿಸಿ, ಕಾಲಿನ ಎತ್ತರ ಒಂದೆರಡು ಇಂಚು ಹೆಚ್ಚಿಸಿ ಇದನ್ನು ಸರಿಪಡಿಸಬಹುದು. ಆಗಲೂ ಆಳ ಹೆಚ್ಚಾಗಿಯೇ ಉಳಿದರೆ ಅಂಥವರಿಗಾಗಿ ಒಂದು ಬೇರೆ ಕುರ್ಚಿಯನ್ನೇ ತನ್ನಿ. ಹಳೆಯ ಮನೆಗಳ ತೇಗದ ಬೆತ್ತದ ಕುರ್ಚಿ ಅಟ್ಟದಲ್ಲಿದ್ದರೆ ಇಳಿಸಿ, ಹೊಸ ಬೆತ್ತ ಹೆಣೆಸಿ ಕೊಡಿ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಆಸನ ಅಂಗಡಿಯಲ್ಲಿ ಸಿಗುವುದು ಅಪರೂಪ.

ದುಡ್ಡಿನ ಲೆಕ್ಕ ಹಾಕುವಾಗ ಕುಶನ್ ಕೆಲಸದವರಿಂದ ಒಟ್ಟು ಮೊತ್ತ ಕೇಳಬೇಡಿ. ಫೋಮ್, ಬಟ್ಟೆ, ಮಜೂರಿ, ಸಾಗಣೆ ನಾಲ್ಕನ್ನೂ ಬೇರೆಬೇರೆಯಾಗಿ ಬರೆಸಿಕೊಳ್ಳಿ. ಮೂರು ಸೀಟಿನ ಸೋಫಾಕ್ಕೆ 54 ಇಂಚು ಅಗಲದ ಬಟ್ಟೆ, ಆಕಾರಕ್ಕೆ ತಕ್ಕಂತೆ 7ರಿಂದ 10 ಮೀಟರ್ ಬೇಕಾಗುತ್ತದೆ. ದೊಡ್ಡ ಹೂವು, ಪಟ್ಟೆ ಇದ್ದರೆ ಜೋಡಿಸುವುದಕ್ಕೆ ಇನ್ನಷ್ಟು. ಈ ಖರ್ಚನ್ನು ಅದೇ ದರ್ಜೆಯ ಹೊಸ ಸೋಫಾದ ಬೆಲೆಗೆ ಹೋಲಿಸಬೇಕೇ ಹೊರತು ಆಫರಿನಲ್ಲಿರುವ ಅಗ್ಗದ ಸೋಫಾಕ್ಕಲ್ಲ. ಅರ್ಧಕ್ಕಿಂತ ಕಡಿಮೆ ಬಂದರೆ ಕಣ್ಣುಮುಚ್ಚಿ ರಿಪೇರಿ ಮಾಡಿಸಿ. ಅರ್ಧ ದಾಟಿದರೆ, ಚೌಕಟ್ಟು ತೇಗ, ಸಾಲ್, ಹೊನ್ನೆಯಂಥ ಗಟ್ಟಿ ಮರದ್ದಾಗಿದ್ದರೆ ಮಾತ್ರ ಮಾಡಿಸಿ.

ಈ ಸೋಫಾಕ್ಕೆ ಎರಡನೆಯ ಸುತ್ತಿನಲ್ಲಿ ಹಾಕಿಸಿದ್ದು ಇಷ್ಟು: ಸೀಟಿಗೆ 40 ಡೆನ್ಸಿಟಿ ಎಚ್.ಆರ್. (ಹೈ ರೆಸಿಲಿಯನ್ಸ್, ಒತ್ತಿ ಬಿಟ್ಟರೆ ಚಟ್ಟನೆ ಮೇಲೇಳುವ) ಫೋಮ್ 4 ಇಂಚು, ಮೇಲೆ ಮೆತ್ತನೆಯದು 1 ಇಂಚು, ಎರಡಕ್ಕೂ ಸುತ್ತ ಫೈಬರ್ ಹಾಳೆ. ಸ್ಪ್ರಿಂಗಿಗೂ ಫೋಮಿಗೂ ನಡುವೆ ದಪ್ಪ ಫೆಲ್ಟ್, ಅದಿಲ್ಲದಿದ್ದರೆ ತಂತಿ ಫೋಮನ್ನು ಕೊಯ್ಯುತ್ತದೆ. ಕುಶನ್ ಹೊದಿಕೆಗೆ ಹಿಂಬದಿಯಲ್ಲಿ ಪೂರ್ತಿ ಉದ್ದದ ಜಿಪ್, ಎರಡೂ ಮುಖಕ್ಕೆ ಒಂದೇ ಬಟ್ಟೆ. ಮಗುಚಿ ಹಾಕಲು ಬರುವುದು ಆಗಲೇ. ತಿಂಗಳಿಗೊಮ್ಮೆ ಮಗುಚಿ, ಟಿವಿ ಎದುರಿನ ಕುಶನ್ನನ್ನು ಆಚೆ ಕೊನೆಗೆ ಬದಲಿಸುತ್ತಿದ್ದರೆ ಎಲ್ಲವೂ ಸಮನಾಗಿ ಸವೆಯುತ್ತವೆ. ಕೆಲಸದವರು ಫೋಮನ್ನು ಹೊದಿಕೆಗೆ ತುಂಬುವ ಮುಂಚೆ ತಕ್ಕಡಿಯ ಮೇಲೆ ಇಡಿಸಿ, ಬಿಲ್ಲಿನಲ್ಲಿ ಡೆನ್ಸಿಟಿ, ದಪ್ಪ ಎರಡನ್ನೂ ಬರೆಸಿಕೊಳ್ಳಿ. ಹಳೆಯ ಫೋಮನ್ನು ಕಸದ ಗಾಡಿಗೆ ಹಾಕಬೇಡಿ, ಅವರಿಗೇ ಕೊಟ್ಟು ಮಜೂರಿಯಲ್ಲಿ ಕಳೆಯಲು ಹೇಳಿ. ಚೂರು ಮಾಡಿ ಒತ್ತಿ ರೀಬಾಂಡೆಡ್ ಹಾಸಿಗೆ ಮಾಡುವವರು ಅದನ್ನು ತೂಕಕ್ಕೆ ಕೊಳ್ಳುತ್ತಾರೆ.