ಎಂಟಡಿ ಅಕ್ವೇರಿಯಂ, ಒಂದಿಂಚಿನ ತೂತು: ನಾನು ಮಾಡಿದ ತಪ್ಪು ನೀವು ಮಾಡಬೇಡಿ

ಮನೆಯಲ್ಲಿ ದೊಡ್ಡ ಅಕ್ವೇರಿಯಂ ಮಾಡಿಸುವ ಆಸೆ ಇರುವವರು ಗಾಜಿಗೆ ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ನಾನು ಗಾಜು ಮೊದಲು, ಸ್ಟ್ಯಾಂಡ್ ಆಮೇಲೆ, ಫಿಲ್ಟರ್ ಕೊನೆಗೆ ಅಂತ ಹೋದೆ. ಪೂರ್ತಿ ಉಲ್ಟಾ. ಅದರಿಂದ ಏಳು ಮೀನು, ಒಂದು ಪಂಪು, ಒಂದು ದಿವಾನ್ ಮಂಚ ಹೋಯಿತು. ಮನೆಯಲ್ಲಿ ಕೇಳಿದ ಮಾತು ಬೇರೆ.

ನಮ್ಮದು ಬೆಂಗಳೂರಿನಲ್ಲಿ ಗ್ರೌಂಡ್ ಫ್ಲೋರ್ ಮನೆ. ಟ್ಯಾಂಕ್ ಎಂಟಡಿ ಉದ್ದ, ಎರಡೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರ. ಒಟ್ಟು 50 ಘನ ಅಡಿ, ಸುಮಾರು 1,400 ಲೀಟರ್. ನೀರೇ 1.4 ಟನ್ ತೂಕ, ಅದರ ಮೇಲೆ 19 ಮಿ.ಮೀ. ಗಾಜು 300 ಕೆ.ಜಿ. ದಾಟುತ್ತದೆ. (ಮಹಡಿ ಮನೆಯವರು ಇಲ್ಲೇ ಒಂದು ನಿಮಿಷ ನಿಲ್ಲಿ. ವಾಸದ ಕೋಣೆಯ ನೆಲಕ್ಕೆ, ಕಟ್ಟಡದ ಭಾರ ಲೆಕ್ಕ ಹಾಕುವ ಭಾರತೀಯ ಮಾನದಂಡ ಐಎಸ್ 875 ಹೇಳುವ ಭಾರ ಚದರ ಮೀಟರಿಗೆ ಸುಮಾರು 200 ಕೆ.ಜಿ. ಇಂಥ ಟ್ಯಾಂಕ್ ತಾನು ಕೂತ ಜಾಗದ ಮೇಲೆ ಅದರ ನಾಲ್ಕು ಪಟ್ಟಿಗೂ ಜಾಸ್ತಿ ಭಾರ ಹಾಕುತ್ತದೆ. ಸ್ಟ್ರಕ್ಚರಲ್ ಇಂಜಿನಿಯರ್ ನೋಡದೆ ಮುಂದುವರಿಯಬೇಡಿ.)

ಟ್ಯಾಂಕ್ ಮಾಡುವವರು ಹಿಂದಿನ ಗಾಜಿನ ಮೇಲ್ಭಾಗಕ್ಕೆ ಒಂದೇ ತೂತು ಹಾಕಿದರು. ಪೈಪ್ ಹಿಡಿಸಲು ಒಂದಿಂಚಿನ ಟ್ಯಾಂಕ್ ನಿಪ್ಪಲ್. "ಸಾಕಾಗುತ್ತಾ?" ಅಂದೆ. "ಸಾರ್, ಎಷ್ಟೋ ಟ್ಯಾಂಕಿಗೆ ಹಾಕಿದೀನಿ, ಆರಾಮಾಗಿ ಸಾಕು" ಅಂದರು. ನನಗೂ ಗೊತ್ತಿರಲಿಲ್ಲ, ಸುಮ್ಮನಾದೆ. ಆ ತೂತಿನಿಂದ ಇಳಿದ ನೀರು ಕೆಳಗಿನ ಸಂಪಿಗೆ ಹೋಗಬೇಕು, ಅಲ್ಲಿ ಸ್ಪಂಜು, ಸೆರಾಮಿಕ್ ರಿಂಗ್ ದಾಟಬೇಕು, ಪಂಪು ಅದನ್ನು ಮತ್ತೆ ಮೇಲಕ್ಕೆ ಎತ್ತಬೇಕು. ಸಂಪ್ ಅಂದರೆ ಮನೆ ಮುಂದೆ ನೆಲದೊಳಗೆ ಇರುತ್ತಲ್ಲ, ಅದಲ್ಲ. ಸ್ಟ್ಯಾಂಡ್ ಒಳಗೆ ಇಡುವ ಫಿಲ್ಟರ್ ತೊಟ್ಟಿಗೂ ಇದೇ ಹೆಸರು. ನನ್ನ ಅಮ್ಮ ಮೊದಲ ವಾರ ಪೂರ್ತಿ ಕಾವೇರಿ ನೀರು ಇದಕ್ಕೇ ಬೀಳುತ್ತದೆ ಅಂದುಕೊಂಡಿದ್ದರು.

ಸ್ಟ್ಯಾಂಡಿಗೆ ಮಧ್ಯೆ ಕಾಲು ಬೇಕೇ ಬೇಕು. ವೆಲ್ಡಿಂಗ್ ಆದಮೇಲೆ ನೋಡಿದರೆ ಒಳಗೆ ನಾಲ್ಕಡಿಗಿಂತ ಉದ್ದದ ಸಂಪ್ ಹೋಗುವುದೇ ಇಲ್ಲ. ಹೋಗುವಷ್ಟರದ್ದು ಮಾಡಿಸಿದೆ. ನಾಲ್ಕಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರ. ಅಂಚಿನವರೆಗೆ ತುಂಬಿದರೆ 255 ಲೀಟರ್.

ಈಗ ಪಂಪಿನ ಕಥೆ. ಗಂಟೆಗೆ ಟ್ಯಾಂಕ್ ನೀರು ನಾಲ್ಕೈದು ಸಲ ಫಿಲ್ಟರ್ ದಾಟಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಹಾಗಾಗಿ ಡಬ್ಬದ ಮೇಲೆ 6,000 ಲೀಟರ್ ಅಂತ ಇದ್ದ ಪಂಪು ತಂದೆ. ಅದೇ ಡಬ್ಬದ ಮೇಲೆ ಚಿಕ್ಕ ಅಕ್ಷರದಲ್ಲಿ "ಎಚ್ ಮ್ಯಾಕ್ಸ್ 3 ಮೀಟರ್" ಅಂತಲೂ ಇತ್ತು. ಅದರ ಅರ್ಥ ಆಮೇಲೆ ತಿಳಿಯಿತು. 6,000 ಲೀಟರ್ ಬರುವುದು ನೀರನ್ನು ಒಂದಿಂಚೂ ಮೇಲಕ್ಕೆ ಎತ್ತದಿದ್ದಾಗ. 3 ಮೀಟರ್ ಎತ್ತರದಲ್ಲಿ ಬರುವುದು ಸೊನ್ನೆ. ನನ್ನದು ಒಂದೂವರೆ ಮೀಟರಿಗೂ ಮೇಲೆ ಎತ್ತಬೇಕಿತ್ತು, ದಾರಿಯಲ್ಲಿ ಪೈಪ್ ತಿರುಗುವ ಎಲ್ಬೋ ನಾಲ್ಕು ಬೇರೆ. ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ.

ತಮಾಷೆ ಅಂದರೆ ಆ ಅರ್ಧವೂ ನನಗೆ ಜಾಸ್ತಿಯಾಯಿತು! ಒಂದಿಂಚಿನ ತೂತಿನಿಂದ ಅಷ್ಟು ನೀರು ಇಳಿಯುತ್ತಲೇ ಇರಲಿಲ್ಲ, ಟ್ಯಾಂಕ್ ಅಂಚಿಗೆ ಬಂದುಬಿಡುತ್ತಿತ್ತು. ಬಾಲ್ ವಾಲ್ವ್ ತಿರುಗಿಸಿ ಪಂಪಿನ ಕತ್ತು ಹಿಸುಕಿದೆ. ಒಂದು ದಿನ ಇಳಿಯುವ ಪೈಪಿಗೆ 20 ಲೀಟರಿನ ಬಕೆಟ್ ಹಿಡಿದು ಮೊಬೈಲಿನಲ್ಲಿ ಟೈಮ್ ನೋಡಿದೆ. ತುಂಬಲು 36 ಸೆಕೆಂಡ್. ಗಂಟೆಗೆ 2,000 ಲೀಟರ್. ನಾಲ್ಕೈದು ಸಲ ಇರಲಿ, ಒಂದೂವರೆ ಸಲವೂ ಸರಿಯಾಗಿ ಇಲ್ಲ. ಐದು ಆಸ್ಕರ್, ಏಳು ಪ್ಯಾರಟ್ ಮೀನು, ಎಲ್ಲಾ ಹೊಟ್ಟೆಬಾಕಗಳು. ತಿಂದು ಮಾಡಿದ ಗಲೀಜು ಮೂಲೆಯಲ್ಲಿ ಗುಡ್ಡೆ ಬೀಳುತ್ತಿತ್ತು. ಭಾನುವಾರ ಬಂದರೆ ಪೈಪ್ ಹಿಡಿದು ಅದನ್ನು ಎಳೆಯುವುದೇ ನನ್ನ ಕೆಲಸ.

ಇಷ್ಟಕ್ಕೇ ನಿಂತಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಪಂಪಿನ ನೀರು ಮೇಲಿಂದ ಬೀಳುವ ಸದ್ದಿಗೆ ನಿದ್ದೆ ಬರಲ್ಲ ಅಂತ ನನ್ನ ಹೆಂಡತಿಯ ದೂರು. ನ್ಯಾಯವಾದ ದೂರೇ. ಪ್ಲಂಬರ್ ಬಂದು ಪೈಪಿನ ತುದಿಯನ್ನು ಎಂಟು ಇಂಚು ನೀರೊಳಗೆ ಇಳಿಸಿ ಹೋದ. ಸದ್ದು ನಿಂತಿತು. ಪಂಪ್ ನಿಂತರೆ ಅದೇ ಪೈಪಿನಲ್ಲಿ ನೀರು ವಾಪಸ್ ಇಳಿಯುತ್ತದೆ ಅನ್ನುವುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಪಂಪ್ ಮಾರಿದವರು "ನಾನ್ ರಿಟರ್ನ್ ವಾಲ್ವ್ ಇದೆಯಲ್ಲ ಸಾರ್" ಅಂದಿದ್ದರು. ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್ ಅದು. ಪಂಪು ಯುಪಿಎಸ್ ಮೇಲೆ ಇದ್ದುದರಿಂದ ಕರೆಂಟ್ ಹೋದರೂ ಅದು ನಿಲ್ಲುತ್ತಿರಲಿಲ್ಲ. ತಪ್ಪು ಎರಡು ತಿಂಗಳು ಅಡಗಿ ಕೂತಿತ್ತು.

ಬೇಸಿಗೆಯ ಒಂದು ರಾತ್ರಿ ಕರೆಂಟ್ ಹೋಗಿದ್ದು ಬರಲೇ ಇಲ್ಲ. ಯುಪಿಎಸ್ ಬ್ಯಾಟರಿ ಖಾಲಿಯಾಯಿತು, ಪಂಪ್ ನಿಂತಿತು. ವಾಲ್ವಿನ ಬಾಯಿಗೆ ಬೆರಳುಗುರಿನಷ್ಟು ಕೊಳೆತ ಎಲೆ ಸಿಕ್ಕಿಕೊಂಡು ಅದು ಪೂರ್ತಿ ಮುಚ್ಚಿರಲಿಲ್ಲ. ಎಂಟು ಇಂಚು ನೀರು ಅಂದರೆ ನನ್ನ ಟ್ಯಾಂಕಿನಲ್ಲಿ ಹೆಚ್ಚುಕಡಿಮೆ 375 ಲೀಟರ್. ಸಂಪಿನಲ್ಲಿ ಖಾಲಿ ಇದ್ದ ಜಾಗ 125. ಮಿಕ್ಕ 250 ಲೀಟರ್ ಹಾಲಿನ ನೆಲಕ್ಕೆ. ದಿವಾನ್ ಹೋಗಿದ್ದು ಅದರಲ್ಲೇ. ಬೆಳಗಿನ ಜಾವ ಕರೆಂಟ್ ಬಂತು. ಪಂಪು ಸಂಪಿನಲ್ಲಿದ್ದಷ್ಟನ್ನೂ ಮೇಲಕ್ಕೆ ಎತ್ತಿತು. ಟ್ಯಾಂಕ್ ಇನ್ನೂ ಮೂರು ಇಂಚು ಕಡಿಮೆಯೇ ಇತ್ತು, ನೀರು ತೂತಿನವರೆಗೆ ಮುಟ್ಟಲಿಲ್ಲ, ಕೆಳಗೆ ಒಂದು ಹನಿಯೂ ಬರಲಿಲ್ಲ. ಒಣ ಸಂಪಿನಲ್ಲಿ ಓಡಿ ಓಡಿ ಪಂಪು ಸುಟ್ಟಿತು. ಐದೂವರೆಗೆ ಎದ್ದ ಅಮ್ಮ ಹಾಲಿಗೆ ಕಾಲಿಟ್ಟು ಕೂಗಿಕೊಂಡರು. ಜಾರಿ ಬೀಳಲಿಲ್ಲ, ಅದೇ ಪುಣ್ಯ. ಎಕ್ಸ್‌ಟೆನ್ಷನ್ ಬೋರ್ಡನ್ನು ನಾನು ನೆಲದ ಮೇಲೆ ಇಡದೆ ಮೊಳೆಗೆ ನೇತುಹಾಕಿದ್ದೆ. ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲೂ ಇಷ್ಟವಿಲ್ಲ.

ಮೀನು ಆವತ್ತು ಸಾಯಲಿಲ್ಲ. ಸಾಯಿಸಿದ್ದು ಆಮೇಲೆ, ನಾನೇ. ಹೇಗೂ ಪಂಪಿಲ್ಲ ಅಂತ ಸೆರಾಮಿಕ್ ರಿಂಗನ್ನೂ ಸ್ಪಂಜನ್ನೂ ನಲ್ಲಿ ನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸಿದೆ. ಹೊಸ ಪಂಪು ಬರಲು ನಾಲ್ಕು ದಿನ. ಮೀನು ಕಿವಿರಿನಿಂದ ಬಿಡುವ ಅಮೋನಿಯವನ್ನು ತಿಂದು ನೈಟ್ರೈಟ್, ಅದರಿಂದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಆ ರಿಂಗುಗಳ ಮೇಲೇ ಮನೆ ಮಾಡಿಕೊಂಡಿರುತ್ತದೆ. ಅಷ್ಟನ್ನೂ ಕ್ಲೋರಿನ್ ನೀರಿಗೆ, ಬಿಸಿಲಿಗೆ ಕೊಟ್ಟಿದ್ದೆ. ಸಂಪು ನೋಡಲು ಫಳಫಳ ಹೊಳೆಯುತ್ತಿತ್ತು. ಒಂದೇ ವಾರದಲ್ಲಿ ಟೆಸ್ಟ್ ಕಿಟ್‌ನಲ್ಲಿ ಅಮೋನಿಯ ಕಡು ಹಸಿರು, ಅಂದರೆ ವಿಪರೀತ. ನಮ್ಮ ನೀರಿನ ಪಿಎಚ್ 8ರ ಹತ್ತಿರ, ಪಿಎಚ್ ಏರಿದಷ್ಟೂ ಅಮೋನಿಯದ ವಿಷ ಜಾಸ್ತಿ. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ದಿನಾ ಕಾಲು ಭಾಗ ನೀರು ಬದಲಿಸಿದೆ, ಹೈಪೋ ಹರಳು ಹಾಕಿ ಕ್ಲೋರಿನ್ ತೆಗೆದ ನೀರು. ಆದರೂ ಮೂರು ಆಸ್ಕರ್, ನಾಲ್ಕು ಪ್ಯಾರಟ್ ಹೋದವು. ರಿಂಗು, ಸ್ಪಂಜನ್ನು ಟ್ಯಾಂಕಿನದೇ ನೀರಿನಲ್ಲಿ ಸುಮ್ನೆ ಒಮ್ಮೆ ಅದ್ದಿ ತೆಗೆದು, ಏರ್ ಪಂಪ್ ಬಿಟ್ಟ ಬಕೆಟ್‌ನಲ್ಲಿ ಇಟ್ಟಿದ್ದರೆ ಮೀನುಗಳು ಉಳಿಯುತ್ತಿದ್ದವೇನೋ.

ಆಮೇಲೆ ಎಲ್ಲಾ ಬಿಚ್ಚಿದೆ. ಉಳಿದ ಐದು ಮೀನು ನೀಲಿ ಡ್ರಮ್ಮಿಗೆ. ಡೈಮಂಡ್ ಬಿಟ್ ತಂದು ಹಿಂದಿನ ಗಾಜಿಗೆ ಎರಡೆರಡು ಇಂಚಿನ ಪೈಪ್ ಹಿಡಿಸುವ ಎರಡು ತೂತು ಹಾಕಿಸಿದೆ. ಮಾಮೂಲಿ ಗಾಜಾಗಿದ್ದಕ್ಕೆ ಆಯಿತು, ಕಾಯಿಸಿ ಗಟ್ಟಿ ಮಾಡಿದ ಟಫನ್ಡ್ ಗಾಜಾಗಿದ್ದರೆ ಬಿಟ್ ಇಟ್ಟ ಕೂಡಲೇ ಪುಡಿಪುಡಿ. ಒಂದು ತೂತು ಗೇಟ್ ವಾಲ್ವಿನ ಜೊತೆ ದಿನದ ಕೆಲಸಕ್ಕೆ. ಇನ್ನೊಂದು ಸ್ವಲ್ಪ ಮೇಲೆ, ವಾಲ್ವೇ ಇಲ್ಲದೆ, ಮೊದಲನೆಯದು ಕಟ್ಟಿಕೊಂಡರೆ ಅಂತ. ಸ್ಟ್ಯಾಂಡ್ ಕಾಲು ಕತ್ತರಿಸಲು ಧೈರ್ಯ ಬರದೆ ಎರಡು ಸಂಪ್ ಇಟ್ಟು ತಳದಲ್ಲಿ ಪೈಪಿನಿಂದ ಜೋಡಿಸಿದೆ. ಒಂದು ದೊಡ್ಡ ಪಂಪಿನ ಬದಲು ಎರಡು ಚಿಕ್ಕದು, ಒಂದು ಮಾತ್ರ ಯುಪಿಎಸ್‌ಗೆ. ಪಂಪಿನಿಂದ ಮೇಲೆ ಬರುವ ಪೈಪುಗಳಿಗೆ ಟ್ಯಾಂಕ್ ನೀರಿನ ಮಟ್ಟಕ್ಕಿಂತ ಅರ್ಧ ಇಂಚು ಕೆಳಗೆ ಚಿಕ್ಕ ರಂಧ್ರ. ನೀರು ಅಲ್ಲಿಗೆ ಇಳಿದ ಕೂಡಲೇ ಗಾಳಿ ಎಳೆದುಕೊಂಡು ಸೈಫನ್, ಅಂದರೆ ಪೈಪಿನಲ್ಲಿ ನೀರು ತಾನಾಗೇ ವಾಪಸ್ ಇಳಿಯುವುದು, ಕಡಿಯುತ್ತದೆ. ಅದಕ್ಕೂ ಪಾಚಿ ಕಟ್ಟುತ್ತದೆ, ಹಲ್ಲುಜ್ಜುವ ಹಳೇ ಬ್ರಷ್ ಪಕ್ಕದಲ್ಲೇ ಇಟ್ಟಿದ್ದೇನೆ. ಈ ರಿಪೇರಿಗೆ ಆದ ಖರ್ಚು ಮೊದಲ ಫಿಲ್ಟರಿನ ಮೂರು ಪಟ್ಟು.

ಈಗ ಭಾನುವಾರ ಬೆಳಿಗ್ಗೆ ಎರಡೂ ಪಂಪ್ ಆಫ್ ಮಾಡಿ, ಸ್ಟೂಲ್ ಹಾಕಿಕೊಂಡು ಸಂಪಿನ ಮುಂದೆ ಕೂರುತ್ತೇನೆ. ಗಾಜಿನ ಮೇಲೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿದ್ದೇನೆ. ನೀರು ಏರುತ್ತಾ ಬಂದು ಆ ಗೆರೆಯ ಹತ್ತಿರ ನಿಲ್ಲುತ್ತದೆ. ಅಮ್ಮನಿಗೆ ಗೆರೆಯ ಮೇಲೆಲ್ಲ ನಂಬಿಕೆ ಇಲ್ಲ. ಅವರು ಇವತ್ತಿಗೂ ಹೆಬ್ಬೆರಳಿನಿಂದ ನೆಲ ಮುಟ್ಟಿ ನೋಡಿಯೇ ಹಾಲಿಗೆ ಬರುವುದು.